ಪೆಟ್ರೋಲ್ ವಾಸನೆ ಮತ್ತು ಬೆಂಗಳೂರಿನ ಪುಟ್ಟ ವಿಮಾನಗಳು

ಈ ವಾರದ ಕತೆ ಶುರುವಾಗೋದು ನನ್ನ ಬೈಕಿನಿಂದ. ಆಮೇಲೆ ಅದು ಓಲ್ಡ್ ಏರ್‌ಪೋರ್ಟ್ ರೋಡಿಗೆ ಹೋಗುತ್ತೆ, ಅಲ್ಲಿಂದ ಬೀದರ್, ಅಲ್ಲಿಂದ ಹೈದರಾಬಾದ್ ಹತ್ತಿರದ ಒಂದು ಹಳ್ಳಿ, ಮತ್ತೆ ವಾಪಸ್ ಇಲ್ಲಿಗೆ. ಸ್ವಲ್ಪ ತಾಳ್ಮೆಯಿಂದ ಕೇಳಿ.

ನಾವಿರೋದು ಜೀವನಬಿಮಾ ನಗರದಲ್ಲಿ. ಹೋದ ಬೇಸಿಗೆಯಲ್ಲಿ ನಮ್ಮ ಬಿಲ್ಡಿಂಗಿನ ಪಾರ್ಕಿಂಗ್‌ನಲ್ಲಿ ಪೆಟ್ರೋಲ್ ವಾಸನೆ ಬರೋಕೆ ಶುರುವಾಯ್ತು. ನಿಂತಿರೋದು ಎಂಟು ಗಾಡಿ. ಎಲ್ಲರೂ ಬಗ್ಗಿ ನೋಡಿದ್ವಿ, ನೆಲದ ಮೇಲೆ ಒಂದು ತೊಟ್ಟೂ ಇಲ್ಲ. ಎರಡು ದಿನ ವಾಟ್ಸ್ಯಾಪ್ ಗ್ರೂಪಲ್ಲಿ ಒಬ್ಬರ ಮೇಲೊಬ್ಬರು ಹಾಕಿಕೊಂಡಿದ್ದಾಯ್ತು. ಮೂರನೇ ದಿನ ಕೆಳಗಿನ ಮನೆಯ ತಾತ ಟಾರ್ಚ್ ಹಿಡ್ಕೊಂಡು ಬಂದರು. ಎಂಬತ್ತು ದಾಟಿದವರು, ಕುಕ್ಕರಗಾಲಲ್ಲಿ ಕೂರೋಕೆ ಕಷ್ಟ, ಅದಕ್ಕೆ ಒಂದು ಸ್ಟೂಲ್ ತಂದಿದ್ದರು. ಒಂದೊಂದೇ ಗಾಡಿಯ ಪಕ್ಕ ಕೂತು, ಬೆಳಕನ್ನ ಓರೆಯಾಗಿ ಬಿಟ್ಟು ನೋಡಿದರು. ನನ್ನ ಸ್ಪ್ಲೆಂಡರ್ ಹತ್ತಿರ ಬಂದಾಗ ನಿಂತರು.

"ನಿಂದೇ ಕಣಪ್ಪಾ."

"ತಾತ, ಎಲ್ಲೂ ಸೋರ್ತಿಲ್ವಲ್ಲ?"

"ಪೆಟ್ರೋಲು ಸೋರೋದು ಕಾಣಲ್ಲ, ಆರಿ ಹೋಗ್ತದೆ. ಕಲೆ ಉಳಿಯುತ್ತೆ. ನೀನು ಹುಡುಕ್ಬೇಕಾದ್ದು ಕಲೆ."

ಕಾರ್ಬ್ಯುರೇಟರ್ ಬಟ್ಟಲಿನ ಅಂಚಿನಲ್ಲಿ ಬೆರಳ ಉಗುರಿನಷ್ಟು ಕಂದು ಗುರುತು. ಅದರ ಮೇಲೆ ಮಾತ್ರ ಧೂಳು ಅಂಟಿಕೊಂಡಿತ್ತು, ಸುತ್ತಮುತ್ತ ಲೋಹ ಸ್ವಚ್ಛ. ಮೆಕ್ಯಾನಿಕ್ ಹತ್ತಿರ ಹೋದರೆ ಒಂದು ರಬ್ಬರ್ ರಿಂಗ್ ಬದಲಾಯಿಸಿದ, ಮುಗೀತು. ಆದರೆ ತಾತನಿಗೆ ಇದೆಲ್ಲ ಹೇಗೆ ಗೊತ್ತು ಅಂತ ಕೇಳಿದೆ ನೋಡಿ, ಆಗ ಈ ಎಪಿಸೋಡ್ ಹುಟ್ಟಿತು. ಅವರು ಏರ್‌ಫೋರ್ಸ್‌ನಲ್ಲಿ ಎಂಜಿನ್ ಫಿಟರ್ ಆಗಿದ್ದವರು. ವರ್ಷಗಟ್ಟಲೆ ಬೀದರ್‌ನಲ್ಲಿ ಎಚ್‌ಟಿ-2 ಅನ್ನೋ ಎರಡು ಸೀಟಿನ ವಿಮಾನದ ಮೂತಿಯೊಳಗೆ ಟಾರ್ಚ್ ಬಿಟ್ಟು ಕಲೆ ಹುಡುಕಿದವರು. ಆ ವಿಮಾನ ಹುಟ್ಟಿದ್ದು ನಮ್ಮ ಮನೆಯಿಂದ ನಡೆದು ಹೋಗಬಹುದಾದಷ್ಟು ದೂರದಲ್ಲಿ.

ಬೆಂಗಳೂರಿನ ಪೂರ್ವ ಭಾಗದಲ್ಲಿ ಇರೋರಿಗೆ ವಿಮಾನ ಅನ್ನೋದು ವಿಳಾಸದಲ್ಲೇ ಇದೆ. ವಿಮಾನಪುರ ಅಂತ ಒಂದು ಬಡಾವಣೆ. ಮುರುಗೇಶ್‌ಪಾಳ್ಯದಲ್ಲಿ ವಿಂಡ್ ಟನಲ್ ರೋಡ್. ಈಗ ಏರ್‌ಪೋರ್ಟ್ ಇಲ್ಲದ ಓಲ್ಡ್ ಏರ್‌ಪೋರ್ಟ್ ರೋಡ್. 2008ರ ಮೇ ತಿಂಗಳಲ್ಲಿ ಪ್ರಯಾಣಿಕರ ವಿಮಾನಗಳೆಲ್ಲ ದೇವನಹಳ್ಳಿಗೆ ಹೋದವು, ಹೆಸರು ಇಲ್ಲೇ ಉಳೀತು. ಹಳೇ ಮದ್ರಾಸ್ ರೋಡಿನಿಂದ ಎಚ್‌ಎಎಲ್ ಕಡೆಗೆ ಬರುವ ಸುರಂಜನ್‌ದಾಸ್ ರೋಡಿನಲ್ಲಿ ನೀವು ದಿನಾ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡಿರಬಹುದು. ಸುರಂಜನ್ ದಾಸ್ ಒಬ್ಬ ಟೆಸ್ಟ್ ಪೈಲಟ್, ಗ್ರೂಪ್ ಕ್ಯಾಪ್ಟನ್. 1970ರ ಜನವರಿಯಲ್ಲಿ ಮಾರುತ್ ಯುದ್ಧವಿಮಾನದ ಒಂದು ಮಾದರಿಯನ್ನ ಪರೀಕ್ಷೆ ಮಾಡುವಾಗ ಇಲ್ಲೇ ತೀರಿಕೊಂಡರು. ಮಾರತಹಳ್ಳಿ ಅನ್ನೋ ಹೆಸರು ಮಾರುತ್ ವಿಮಾನದಿಂದ ಬಂದಿದ್ದು ಅಂತ ಆಟೋದವರು ಹೇಳ್ತಾರೆ. ಹಳ್ಳಿ ವಿಮಾನಕ್ಕಿಂತ ಹಳೇದು ಅಂತ ನನ್ನ ಅನಿಸಿಕೆ, ಆದರೆ ಆಟೋದವರ ಹತ್ತಿರ ವಾದ ಮಾಡೋಕೆ ಹೋಗಬೇಡಿ.

ಇದೆಲ್ಲ ಶುರುವಾಗಿದ್ದು 1940ರ ಡಿಸೆಂಬರ್‌ನಲ್ಲಿ. ಎರಡನೇ ಮಹಾಯುದ್ಧ ನಡೀತಿತ್ತು. ಮುಂಬೈ ಕಡೆಯ ಉದ್ಯಮಿ ವಾಲ್‌ಚಂದ್ ಹೀರಾಚಂದ್‌ಗೆ ಭಾರತದಲ್ಲಿ ವಿಮಾನ ಕಟ್ಟೋ ಹುಚ್ಚು. ಮೈಸೂರು ಸಂಸ್ಥಾನ ಜಾಗ ಕೊಡ್ತು, ಬಂಡವಾಳದಲ್ಲೂ ಪಾಲು ಹಾಕ್ತು. ಮಿರ್ಜಾ ಇಸ್ಮಾಯಿಲ್ ಆಗ ದಿವಾನರು. ಅಮೆರಿಕದ ವಿಲಿಯಂ ಪಾಲಿ ಯಂತ್ರಗಳನ್ನೂ ಜನರನ್ನೂ ಹೊಂದಿಸಿದರು. ಹೀಗೆ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಲಿಮಿಟೆಡ್ ಹುಟ್ಟಿತು. 1941ರ ಆಗಸ್ಟ್‌ನಲ್ಲಿ ಇಲ್ಲಿ ಜೋಡಿಸಿದ ಮೊದಲ ವಿಮಾನ ಹಾರಿತು. ಅದರ ಹೆಸರು ಹಾರ್ಲೋ ಪಿಸಿ-5. ತರಬೇತಿಯ ಪುಟ್ಟ ವಿಮಾನ. ಅಂದ್ರೆ ಬೆಂಗಳೂರಿನ ವಿಮಾನದ ಕತೆ ಶುರುವಾಗಿದ್ದೇ ಕಲಿಯುವವರ ವಿಮಾನದಿಂದ.

1943ರಲ್ಲಿ ಕಾರ್ಖಾನೆ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಯ್ತು. ಹೊಸ ವಿಮಾನ ಕಟ್ಟೋದು ನಿಂತಿತು, ರಿಪೇರಿ ಶುರುವಾಯ್ತು. ಅಸ್ಸಾಂನಿಂದ ಹಿಮಾಲಯದ ಮೇಲೆ ಹಾರಿ ಚೀನಾಕ್ಕೆ ಸಾಮಾನು ಸಾಗಿಸುತ್ತಿದ್ದ ಸಿ-47 ಡಕೋಟಾಗಳು, ಸಮುದ್ರದ ಮೇಲೆ ಗಸ್ತು ತಿರುಗುತ್ತಿದ್ದ ಕ್ಯಾಟಲೈನಾಗಳು, ಎಲ್ಲ ಇಲ್ಲಿಗೆ ಬರ್ತಿದ್ದವು. ಕ್ಯಾಟಲೈನಾ ನೀರಿನ ಮೇಲೆ ಇಳಿಯೋ ವಿಮಾನ, ಅದಕ್ಕೆ ಬೆಳ್ಳಂದೂರು ಕೆರೆಯೇ ರನ್‌ವೇ. ಹೌದು, ಅದೇ ಬೆಳ್ಳಂದೂರು ಕೆರೆ, ನಮ್ಮ ಕಾಲದಲ್ಲಿ ನೊರೆ ಹಾರಿಸಿ ಬೆಂಕಿ ಹತ್ತಿಕೊಂಡಿದ್ದು. ಈ ಎರಡೂ ವಿಮಾನಗಳಿಗೆ ಒಂದೇ ಜಾತಿಯ ಎಂಜಿನ್: ಪ್ರ್ಯಾಟ್ ಅಂಡ್ ವಿಟ್ನಿ ಕಂಪನಿಯ ಟ್ವಿನ್ ವಾಸ್ಪ್, 14 ಸಿಲಿಂಡರ್, 1200 ಅಶ್ವಶಕ್ತಿ. ಯುದ್ಧ ಮುಗಿಯೋದರೊಳಗೆ ಇಂಥ ಎಂಜಿನ್‌ಗಳನ್ನ ಸಾವಿರಾರು ಸಂಖ್ಯೆಯಲ್ಲಿ ಬಿಚ್ಚಿ, ತೊಳೆದು, ಮತ್ತೆ ಕಟ್ಟಿದ ಕೈಗಳು ಈ ಊರಲ್ಲಿ ತಯಾರಾಗಿದ್ದವು. ಬೆಂಗಳೂರಿಗೆ ಯುದ್ಧ ಬಿಟ್ಟುಹೋದ ದೊಡ್ಡ ಆಸ್ತಿ ಅದು ಅಂತ ನನಗನ್ನಿಸುತ್ತೆ. ಕಟ್ಟಡಕ್ಕಿಂತ, ಯಂತ್ರಕ್ಕಿಂತ, ಎಂಜಿನ್ನಿನ ಮುಂದೆ ಕೂತು ತಪ್ಪು ಹುಡುಕೋ ಅಭ್ಯಾಸ.

ಯುದ್ಧ ಮುಗಿದ ಮೇಲೆ ಕೆಲಸ ಇಲ್ಲದೆ ಇದೇ ಕಾರ್ಖಾನೆ ರೈಲು ಬೋಗಿ, ಬಸ್ಸಿನ ಬಾಡಿ ಎಲ್ಲ ಮಾಡಿತು. ಅದು ಬೇರೆ ಎಪಿಸೋಡ್ ಆಗುವಷ್ಟಿದೆ, ಇವತ್ತು ಬೇಡ.

ನಮಗೆ ಬೇಕಾದವರು ವಿಷ್ಣು ಮಾಧವ ಘಾಟಗೆ. ಕೊಲ್ಹಾಪುರ ಸೀಮೆಯವರು. ಜರ್ಮನಿಯ ಗ್ಯೋಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಟ್ಲ್ ಹತ್ತಿರ ಡಾಕ್ಟರೇಟ್ ಮಾಡಿದವರು. ರೆಕ್ಕೆಯ ಮೇಲೆ ಗಾಳಿ ಹೇಗೆ ಹರಿಯುತ್ತೆ ಅನ್ನೋ ಶಾಸ್ತ್ರಕ್ಕೆ ಪ್ರಾಂಟ್ಲ್ ಪಿತಾಮಹ ಇದ್ದ ಹಾಗೆ. ಘಾಟಗೆ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಪಾಠ ಮಾಡಿದರು, ಎಚ್‌ಎಎಲ್‌ನಲ್ಲಿ ವಿನ್ಯಾಸದ ತಂಡ ಕಟ್ಟಿದರು. ಅವರ ತಂಡ ಮಾಡಿದ ಎಚ್‌ಟಿ-2 1951ರ ಆಗಸ್ಟ್‌ನಲ್ಲಿ ಮೊದಲ ಸಲ ಹಾರಿತು. ಹಾರಿಸಿದವರು ಕ್ಯಾಪ್ಟನ್ ಜಮ್ಷೆಡ್ ಮುನ್ಷಿ. ಭಾರತದಲ್ಲೇ ವಿನ್ಯಾಸ ಮಾಡಿ, ಭಾರತದಲ್ಲೇ ಸಾಲುಸಾಲಾಗಿ ತಯಾರಿಸಿದ ಮೊದಲ ವಿಮಾನ ಅದು. ಸುಮಾರು 170 ಕಟ್ಟಿದರು. ಹನ್ನೆರಡು ಘಾನಾ ದೇಶಕ್ಕೂ ಹೋದವು. ಓಲ್ಡ್ ಏರ್‌ಪೋರ್ಟ್ ರೋಡಿನ ಎಚ್‌ಎಎಲ್ ಮ್ಯೂಸಿಯಂಗೆ ಹೋದರೆ ಒಂದನ್ನ ಈಗಲೂ ನೋಡಬಹುದು. ಸೆಲ್ಫಿಗೆ ಎಲ್ಲರೂ ಮಾರುತ್ ಹತ್ತಿರ ಹೋಗ್ತಾರೆ, ಇದರ ಮುಂದೆ ಯಾರೂ ನಿಲ್ಲಲ್ಲ.

ಎಚ್‌ಟಿ-2ಗೆ ಇದ್ದಿದ್ದು 155 ಅಶ್ವಶಕ್ತಿಯ ಸಿರಸ್ ಮೇಜರ್ ಎಂಜಿನ್. ಸಾಲಾಗಿ ನಾಲ್ಕು ಸಿಲಿಂಡರ್, ಆದರೆ ತಲೆಕೆಳಗು. ಪೈಲಟ್‌ಗೆ ಮುಂದಿನ ದಾರಿ ಕಾಣಲಿ, ಪ್ರೊಪೆಲ್ಲರ್ ನೆಲದಿಂದ ಎತ್ತರದಲ್ಲಿರಲಿ ಅಂತ ಸಿಲಿಂಡರ್‌ಗಳನ್ನ ಕೆಳಮುಖ ಮಾಡಿ ಕೂರಿಸಿರ್ತಾರೆ. ರಾತ್ರಿಯಿಡೀ ನಿಂತರೆ ಆಯಿಲ್ ಜಿನುಗಿ ಸಿಲಿಂಡರ್ ಒಳಗೆ ಇಳಿದು ಕೂರುತ್ತೆ. ಹಾಗೇ ಸ್ಟಾರ್ಟ್ ಮಾಡಿದರೆ ಎಂಜಿನ್ನೇ ಮುರಿಯಬಹುದು. "ಬೆಳಗ್ಗೆ ಎದ್ದ ತಕ್ಷಣ ದೇವರಿಗೆ ಕೈ ಮುಗಿಯೋ ಹಾಗೆ, ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸ್ತಿದ್ವಿ" ಅಂದರು ತಾತ. ಸ್ವಿಚ್ ಆಫ್ ಇದೆ ಅಂತ ಎರಡು ಸಲ ನೋಡಿದ ಮೇಲೆ.

ಸೋರಿಕೆ ನೋಡೋ ಕ್ರಮವನ್ನ ತಾತ ಹೇಳಿದ್ದು, ಆಮೇಲೆ ನಾನು ಓದಿಕೊಂಡಿದ್ದು ಎರಡೂ ಸೇರಿಸಿ ಹೇಳ್ತೀನಿ. ಇವತ್ತಿನ ಸೆಸ್ನಾಗೂ ಇದೇ ಕ್ರಮ, ಹೆಚ್ಚುಕಡಿಮೆ.

ಪುಟ್ಟ ವಿಮಾನಗಳಿಗೆ 50 ಗಂಟೆ, 100 ಗಂಟೆ ಹಾರಾಟಕ್ಕೊಮ್ಮೆ ತಪಾಸಣೆ ಇರುತ್ತೆ. ಮೊದಲು ಎಂಜಿನ್ ಮೇಲಿನ ಹೊದಿಕೆ, ಅದಕ್ಕೆ ಕೌಲಿಂಗ್ ಅಂತಾರೆ, ಅದನ್ನ ಬಿಚ್ಚಬೇಕು. ಬಿಚ್ಚಿದ ಕೂಡಲೇ ಬಟ್ಟೆ ತಗೊಂಡು ಒರೆಸೋಕೆ ಹೋಗಬಾರದು. ಹೊಸ ಹುಡುಗರು ಮಾಡೋ ಮೊದಲ ತಪ್ಪು ಅದೇ, ಸಾಕ್ಷಿಯನ್ನೇ ಅಳಿಸಿಬಿಡ್ತಾರೆ. ಮೊದಲು ಮೂಗು, ಆಮೇಲೆ ಟಾರ್ಚ್, ಆಮೇಲೆ ಹಲ್ಲಿನ ಡಾಕ್ಟರ ಹತ್ತಿರ ಇರುತ್ತಲ್ಲ ಅಂಥ ಉದ್ದ ಕಡ್ಡಿಯ ಕನ್ನಡಿ. ಪೈಪಿನ ಒಂದೊಂದು ಕೀಲು, ಕಾರ್ಬ್ಯುರೇಟರ್ ಬುಡ, ಪಂಪಿನ ಕೆಳಗೆ, ಇಂಧನದ ಕಸ ಮತ್ತು ನೀರು ತಂಗುವ ಪುಟ್ಟ ಬಟ್ಟಲು, ಅದರ ಡ್ರೇನ್. ವಿಮಾನದ ಪೆಟ್ರೋಲಿಗೆ ಬಣ್ಣ ಹಾಕಿರ್ತಾರೆ: ಹಳೇ 80 ಗ್ರೇಡ್ ಕೆಂಪು, 100/130 ಹಸಿರು, ಈಗ ಎಲ್ಲ ಕಡೆ ಸಿಗೋ 100ಎಲ್ಎಲ್ ನೀಲಿ. ಯಾವ ಟ್ಯಾಂಕಿಗೆ ಯಾವುದು ಅಂತ ಗೊಂದಲ ಆಗದಿರಲಿ ಅಂತ ಬಣ್ಣ ಹಾಕಿದ್ದು. ಆದರೆ ಫಿಟರ್‌ಗಳಿಗೆ ಅದರಿಂದ ಇನ್ನೊಂದು ಲಾಭ: ಪೆಟ್ರೋಲ್ ಆರಿ ಹೋದ ಮೇಲೂ ಬಣ್ಣ ಕೂತಿರುತ್ತೆ. ಒಂದು ಕೀಲಿನ ಸುತ್ತ ತೆಳು ನೀಲಿ ಉಂಗುರ ಕಂಡರೆ, ಅಲ್ಲಿ ಯಾವತ್ತೋ ಒಂದು ದಿನ ಇಂಧನ ಹೊರಗೆ ಬಂದಿದೆ ಅಂತ ಅರ್ಥ.

ಪೈಪುಗಳು ಎಂಜಿನ್ನಿನ ಕಂಬಿಗೆ ಉಜ್ಜಿಕೊಂಡಿವೆಯಾ ಅಂತಲೂ ನೋಡ್ತಾರೆ. ಎಂಜಿನ್ ನಡುಗುತ್ತೆ, ಗಂಟೆಗಟ್ಟಲೆ ನಡುಗುತ್ತೆ. ಇವತ್ತು ಬರೀ ಸವರಿದ ಗುರುತು, ಮುಂದಿನ ಮಳೆಗಾಲಕ್ಕೆ ತೂತು. ಎಲ್ಲ ನೋಡಿ ಬರೆದುಕೊಂಡ ಮೇಲೆ ಒರೆಸೋದು. ಒರೆಸಿ, ಇಂಧನದ ಕವಾಟ ತೆರೆದು, ಎಲೆಕ್ಟ್ರಿಕ್ ಪಂಪ್ ಹಾಕಿ ಒತ್ತಡ ಏರಿಸಿ, ಮತ್ತೆ ಕಾಯೋದು. ಆಮೇಲೆ ಎಂಜಿನ್ ಓಡಿಸಿ, ನಿಲ್ಲಿಸಿ, ಬಿಸಿ ಇರುವಾಗ ಇನ್ನೊಮ್ಮೆ. ತಣ್ಣಗಿದ್ದಾಗ ಬಿಗಿಯಾಗಿರೋ ಕೀಲು ಬಿಸಿಯಾದಾಗ ಬಾಯಿ ಬಿಡಬಹುದು.

ಒಂದು ಮಜಾ ಹೇಳ್ತೀನಿ. ವಿಮಾನದ ಟ್ಯಾಂಕ್ ಸೋರಿಕೆಯನ್ನ ಮ್ಯಾನುಯಲ್‌ಗಳಲ್ಲಿ ನಾಲ್ಕು ದರ್ಜೆ ಮಾಡಿರ್ತಾರೆ. ಒರೆಸಿ ಅರ್ಧ ಗಂಟೆ ಬಿಟ್ಟು, ಒದ್ದೆ ಎಷ್ಟಗಲ ಹರಡಿದೆ ಅಂತ ಅಳೆದು, ಇದು ಹಾರಬಹುದು, ಇದು ಹಾರಬಾರದು ಅಂತ ತೀರ್ಮಾನ. ನಮ್ಮ ಭಾಷೆಯಲ್ಲಿ ಅಳತೆಪಟ್ಟಿ ಇಲ್ಲದೇನೇ ಆ ನಾಲ್ಕೂ ಇವೆ: ಒಸರೋದು, ಜಿನುಗೋದು, ತೊಟ್ಟಿಕ್ಕೋದು, ಸೋರೋದು. ಹಳೇ ಹೆಂಚಿನ ಮನೆಯಲ್ಲಿ ಮಳೆಗಾಲ ಕಳೆದವರಿಗೆ ವ್ಯತ್ಯಾಸ ಹೇಳಿಕೊಡಬೇಕಾಗಿಲ್ಲ.

ಎಲ್ಲ ಮುಗಿದ ಮೇಲೆ ಸಹಿ. ತಾತ ಆ ಸಹಿ ಬಗ್ಗೆ ಜಾಸ್ತಿ ಮಾತಾಡಲಿಲ್ಲ. "ಸಹಿ ಹಾಕಿದ ಮೇಲೆ ಆ ಹುಡುಗ ಇಳಿಯೋವರೆಗೂ ಟೀ ಕುಡಿಯೋಕೆ ಹೋಗ್ತಿರಲಿಲ್ಲ" ಅಂದರು, ಅಷ್ಟೆ. ಹುಡುಗ ಅಂದ್ರೆ ಕೆಡೆಟ್. ಇಪ್ಪತ್ತರ ಆಸುಪಾಸು. ಬೀದರ್‌ನಲ್ಲಿದ್ದಿದ್ದು ಎಲಿಮೆಂಟರಿ ಫ್ಲೈಯಿಂಗ್ ಸ್ಕೂಲ್, ಏರ್‌ಫೋರ್ಸ್ ಸೇರಿದವರು ಅ ಆ ಇ ಈ ಕಲಿಯೋ ಜಾಗ. ಒಂದು ದಿನ ಪಾಠ ಹೇಳೋರು ಇಳಿದು, ಇನ್ನು ಒಬ್ಬನೇ ಹೋಗಿ ಬಾ ಅಂತಾರೆ. ಆ ಹೊತ್ತಲ್ಲಿ ಎಂಜಿನ್ ನಿಂತರೆ?

ಇಲ್ಲಿಂದ ಮುಂದಿನ ಕತೆ ತಾತನದ್ದಲ್ಲ. ಅವರು ಅಷ್ಟರಲ್ಲಿ ನಿವೃತ್ತಿಯಾಗಿದ್ದರು.

ಎಚ್‌ಟಿ-2ಗೆ ವಯಸ್ಸಾಗ್ತಾ ಬಂತು. ಅದರ ಜಾಗಕ್ಕೆ ಎಚ್‌ಎಎಲ್ ಹೊಸ ತರಬೇತಿ ವಿಮಾನ ಮಾಡಿತು: ಎಚ್‌ಪಿಟಿ-32, ಹೆಸರು ದೀಪಕ್. 1977ರ ಜನವರಿಯಲ್ಲಿ ಮೊದಲ ಹಾರಾಟ, 1980ರ ದಶಕದಲ್ಲಿ ವಾಯುಪಡೆಗೆ ಬಂತು. ಪೂರ್ತಿ ಲೋಹದ ಮೈ, ಕೆಡೆಟ್ ಮತ್ತು ಗುರು ಅಕ್ಕಪಕ್ಕ ಕೂರೋ ಸೀಟು, ಅಮೆರಿಕದ ಲೈಕಮಿಂಗ್ ಕಂಪನಿಯ 260 ಅಶ್ವಶಕ್ತಿಯ ಎಂಜಿನ್. ರೆಕ್ಕೆ ಕೆಳಗಡೆ. ಇಂಧನದ ಟ್ಯಾಂಕು ರೆಕ್ಕೆಗಳ ಒಳಗೆ.

ರೆಕ್ಕೆ ಮೇಲಿದ್ದರೇನು ಕೆಳಗಿದ್ದರೇನು ಅಂತೀರಾ? ನಿಮ್ಮ ಮನೆಯ ನೀರನ್ನೇ ನೆನಪಿಸಿಕೊಳ್ಳಿ. ತಾರಸಿ ಮೇಲೆ ಓವರ್‌ಹೆಡ್ ಟ್ಯಾಂಕ್ ಇದೆ. ಕರೆಂಟ್ ಹೋದರೂ, ಮೋಟರ್ ಕೆಟ್ಟರೂ, ಟ್ಯಾಂಕಲ್ಲಿ ನೀರಿರೋವರೆಗೂ ನಲ್ಲಿಯಲ್ಲಿ ಬರುತ್ತೆ. ಯಾಕಂದ್ರೆ ಅದು ತಾನಾಗೇ ಕೆಳಗೆ ಇಳಿಯುತ್ತೆ. ಆದರೆ ಸಂಪಿನಿಂದ ನೀರು ಮೇಲೆ ಬರಬೇಕಂದ್ರೆ ಮೋಟರ್ ಬೇಕೇ ಬೇಕು. ಬೇಸಿಗೆಯಲ್ಲಿ ಕೆ.ಆರ್.ಪುರದ ಕಡೆ ಟ್ಯಾಂಕರ್ ನೀರು ಹಾಕಿಸಿಕೊಳ್ಳೋರಿಗೆ ಇನ್ನೊಂದು ಅನುಭವ ಇರುತ್ತೆ. ಮೋಟರ್ ಗುರ್ ಅಂತ ಓಡುತ್ತೆ, ಸಂಪಲ್ಲಿ ನೀರೂ ಇದೆ, ಮೇಲೆ ಮಾತ್ರ ಒಂದು ಹನಿ ಹತ್ತಲ್ಲ. ಪ್ಲಂಬರ್ ಬಂದು ಏನಂತಾನೆ? "ಏರ್ ಹಿಡಿದಿದೆ ಸಾರ್." ಪೈಪೊಳಗೆ ಗಾಳಿ ಸೇರಿಕೊಂಡಿದೆ, ಪಂಪಿಗೆ ನೀರು ತಳ್ಳೋಕೆ ಬರುತ್ತೆ, ಗಾಳಿ ತಳ್ಳೋಕೆ ಬರಲ್ಲ.

ಸೆಸ್ನಾ 152, 172 ಥರದ ವಿಮಾನಗಳಲ್ಲಿ ರೆಕ್ಕೆ ಪೈಲಟ್ ತಲೆ ಮೇಲಿರುತ್ತೆ. ಕಾರ್ಬ್ಯುರೇಟರ್ ಇರುವ ಮಾದರಿಗಳಲ್ಲಿ ಇಂಧನ ಓವರ್‌ಹೆಡ್ ಟ್ಯಾಂಕಿನ ನೀರಿನ ಹಾಗೆ ತಾನಾಗೇ ಇಳಿದು ಎಂಜಿನ್ನಿಗೆ ಬರುತ್ತೆ. ದೀಪಕ್‌ನಂಥ ವಿಮಾನದಲ್ಲಿ ಸಂಪಿನ ಲೆಕ್ಕ: ಕೆಳಗಿನಿಂದ ಎಳೆಯಬೇಕು. ವಿಮಾನದ ಪೆಟ್ರೋಲ್ ಬೇಗ ಆವಿಯಾಗುತ್ತೆ. ಸುತ್ತ ಬಿಸಿ ಇದ್ದು, ಪಂಪ್ ಎಳೆಯೋ ಕಡೆ ಒತ್ತಡ ಕಡಿಮೆಯಾದರೆ ಪೈಪೊಳಗೇ ಕುದ್ದು ಗುಳ್ಳೆ ಏಳುತ್ತೆ. ಏರ್ ಹಿಡಿದ ಹಾಗೇ. ಎಂಜಿನ್ನಿಗೆ ಹೋಗಬೇಕಾದ ಇಂಧನ ಹೋಗಲ್ಲ.

ಕೆಳರೆಕ್ಕೆ ಅಂದ ಮಾತ್ರಕ್ಕೆ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಎಚ್‌ಟಿ-2 ಕೂಡ ಕೆಳರೆಕ್ಕೆಯದ್ದೇ. ಜಗತ್ತಲ್ಲಿ ಸಾವಿರಾರು ಕೆಳರೆಕ್ಕೆ ವಿಮಾನಗಳು ಚೆನ್ನಾಗಿ ಹಾರ್ತಿವೆ. ಅಂಥ ವಿಮಾನದಲ್ಲಿ ಇಂಧನದ ದಾರಿಯನ್ನ ಇನ್ನಷ್ಟು ಹುಷಾರಾಗಿ ಮಾಡಬೇಕು, ಅಷ್ಟೇ.

ದೀಪಕ್‌ನಲ್ಲಿ ಆಕಾಶದಲ್ಲೇ ಎಂಜಿನ್ ನಿಲ್ಲೋ ಪ್ರಸಂಗಗಳು ಮತ್ತೆ ಮತ್ತೆ ಆದವು. ಸಂದೇಹ ಹೋಗಿದ್ದು ಇಂಧನ ವ್ಯವಸ್ಥೆಯ ಕಡೆಗೆ. ಎಂಜಿನ್ ನಿಂತರೆ ಅದು ಚೆನ್ನಾಗಿ ತೇಲುವ ವಿಮಾನವೂ ಆಗಿರಲಿಲ್ಲ, ಬೇಗ ಎತ್ತರ ಕಳೆದುಕೊಳ್ಳುತ್ತಿತ್ತು. ತಗ್ಗಿನಲ್ಲಿ ಹಾರ್ತಿದ್ದಾಗ ನಿಂತರೆ ಜಾಗ ಹುಡುಕೋಕೆ ಸಿಗೋದು ಕೆಲವೇ ಸೆಕೆಂಡು. ವರದಿಗಳ ಪ್ರಕಾರ ಅದರ ಸೇವೆಯ ವರ್ಷಗಳಲ್ಲಿ 17 ದೀಪಕ್‌ಗಳು ಬಿದ್ದವು, 19 ಪೈಲಟ್‌ಗಳು ಸತ್ತರು.

ಈ ಅಂಕಿ ಓದಿದಾಗ ನನಗೆ ಮೊದಲು ಬಂದ ಪ್ರಶ್ನೆ ಇದು. ಪ್ರತಿ 50 ಗಂಟೆಗೆ ಕೌಲಿಂಗ್ ಬಿಚ್ಚಿ, ಕನ್ನಡಿ ಹಿಡಿದು, ಕಲೆ ಹುಡುಕಿ, ಬಿಸಿಯಲ್ಲಿ ಒಮ್ಮೆ ತಣ್ಣಗಿದ್ದಾಗ ಒಮ್ಮೆ ನೋಡಿ ಸಹಿ ಹಾಕೋ ಜನ ಇದ್ದರಲ್ಲ. ಅವರ ಕಣ್ಣಿಗೆ ಯಾಕೆ ಬೀಳಲಿಲ್ಲ?

ತಾತನ ಮಾತಲ್ಲೇ ಉತ್ತರ ಇದೆ ಅಂತ ಆಮೇಲೆ ಹೊಳೀತು. ಅವರು ಹುಡುಕ್ತಿದ್ದಿದ್ದು ಕಲೆಯನ್ನ. ಹೊರಗೆ ಬಂದ ಇಂಧನ ಕಲೆ ಬಿಡುತ್ತೆ. ಬರಬೇಕಾಗಿದ್ದೂ ಬಾರದ ಇಂಧನ ಏನನ್ನೂ ಬಿಡಲ್ಲ. ಗುಳ್ಳೆ ಎದ್ದು ಎಂಜಿನ್ ಕೆಮ್ಮಿ ನಿಂತಿತು ಅಂತಿಟ್ಟುಕೊಳ್ಳಿ. ವಿಮಾನ ಹೇಗೋ ಗದ್ದೆಯಲ್ಲಿ ಇಳೀತು. ಎಂಜಿನ್ ತಣ್ಣಗಾಯ್ತು, ಗುಳ್ಳೆ ಮತ್ತೆ ಪೆಟ್ರೋಲ್ ಆಯ್ತು. ಮಾರನೇ ದಿನ ಹ್ಯಾಂಗರ್‌ನಲ್ಲಿ ಸ್ಟಾರ್ಟ್ ಮಾಡಿದರೆ ಸಲೀಸಾಗಿ ಓಡುತ್ತೆ. ಪೈಪು ಸರಿ, ಪಂಪು ಸರಿ, ಒಂದೇ ಒಂದು ನೀಲಿ ಉಂಗುರ ಇಲ್ಲ. ಫಿಟರ್ ಏನಂತ ಬರೀಬೇಕು?

ನಾನು ಬಿ.ಕಾಂ ಓದಿದವನು, ಆಡಿಟಿಂಗ್ ಪೇಪರ್‌ನಲ್ಲಿ ವೌಚಿಂಗ್ ಅಂತ ಒಂದು ಅಧ್ಯಾಯ ಇತ್ತು. ಪುಸ್ತಕದಲ್ಲಿ ಬರೆದಿರೋ ಪ್ರತಿ ಖರ್ಚಿಗೂ ರಸೀದಿ ಇದೆಯಾ ನೋಡೋದು. ನಮ್ಮ ಮೇಷ್ಟ್ರು ಹೇಳ್ತಿದ್ದರು, ಬರೆದ ಸುಳ್ಳನ್ನ ಹಿಡೀಬಹುದು, ಬರೀದೇ ಬಿಟ್ಟಿದ್ದನ್ನ ಹಿಡಿಯೋದೇ ಕಷ್ಟ ಅಂತ. ಪರೀಕ್ಷೆಗೆ ಬರಲ್ಲ ಅಂತ ಆಗ ಬರ್ಕೊಂಡಿರಲಿಲ್ಲ.

ಇಂಥದ್ದು ಬೇರೆ ಕಡೆಯೂ ಆಗಿದೆ. 2008ರ ಜನವರಿ 17ರಂದು ಬೀಜಿಂಗ್‌ನಿಂದ ಲಂಡನ್ನಿಗೆ ಬಂದ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 777, ಹೀಥ್ರೂನಲ್ಲಿ ಇಳಿಯೋಕೆ ಇನ್ನೇನು ನಿಮಿಷ ಇದೆ ಅನ್ನುವಾಗ ಎರಡೂ ಎಂಜಿನ್ ಬಲ ಕಳೆದುಕೊಂಡವು. ರನ್‌ವೇಗೆ ಮುಂಚೆ ಹುಲ್ಲಿನ ಮೇಲೆ ಬಿತ್ತು. ಪುಣ್ಯಕ್ಕೆ ಒಬ್ಬರೂ ಸಾಯಲಿಲ್ಲ. ಟ್ಯಾಂಕಲ್ಲಿ ಬೇಕಾದಷ್ಟು ಇಂಧನ ಇತ್ತು, ಎಲ್ಲೂ ಸೋರಿರಲಿಲ್ಲ. ತನಿಖೆ ಮಾಡಿದವರಿಗೆ ತಲೆ ಕೆಟ್ಟುಹೋಯ್ತು. ಕೊನೆಗೆ ಲ್ಯಾಬ್‌ನಲ್ಲಿ ಅದೇ ಚಳಿ, ಅದೇ ಪೈಪು, ಅದೇ ಹರಿವು ಸೃಷ್ಟಿ ಮಾಡಿ ನೋಡಿದರು. ಇಂಧನದಲ್ಲಿದ್ದ ಅಷ್ಟಿಷ್ಟು ನೀರು ದಾರಿಯಲ್ಲಿ ಮಂಜುಗಡ್ಡೆಯಾಗಿ, ಒಮ್ಮೆಲೇ ಬಿಡಿಸಿಕೊಂಡು ಬಂದು ಎಂಜಿನ್ನಿನ ಹೊಸ್ತಿಲಲ್ಲಿ ಅಡ್ಡ ಕೂತಿರಬೇಕು ಅಂತ ತೀರ್ಮಾನಕ್ಕೆ ಬಂದರು. ಯಾರಾದರೂ ಹೋಗಿ ನೋಡೋ ಹೊತ್ತಿಗೆ ಸಾಕ್ಷಿ ಕರಗಿ ನೀರಾಗಿತ್ತು. ಆಮೇಲೆ ಆ ಭಾಗದ ವಿನ್ಯಾಸವನ್ನೇ ಬದಲಾಯಿಸಿದರು. ಗಮನಿಸಿ, ಮೆಕ್ಯಾನಿಕ್‌ಗಳಿಗೆ "ಇನ್ನೂ ಚೆನ್ನಾಗಿ ನೋಡಿ" ಅಂತ ಸುತ್ತೋಲೆ ಕಳಿಸಿ ಕೈ ತೊಳ್ಕೊಳ್ಳಲಿಲ್ಲ.

ದೀಪಕ್ ವಿಷಯದಲ್ಲಿ ಎಚ್ಚರಿಕೆ ಇರಲಿಲ್ಲ ಅಂತೇನಿಲ್ಲ. ದೇಶದ ಲೆಕ್ಕ ನೋಡೋ ಸಿಎಜಿ, ವಾಯುಪಡೆಯ ಪೈಲಟ್ ತರಬೇತಿ ಬಗ್ಗೆ ಕೊಟ್ಟ ವರದಿಯಲ್ಲಿ, ಈ ವಿಮಾನ ತಾಂತ್ರಿಕವಾಗಿ ಹಳತಾಗಿದೆ, ಹಾರಾಟದ ಸುರಕ್ಷತೆಗೆ ಅಪಾಯ ಇದೆ ಅನ್ನೋ ಅರ್ಥದ ಮಾತನ್ನ ಮುಂಚೆಯೇ ಬರೆದಿತ್ತು. ಆದರೂ ಹೊಸ ಕೆಡೆಟ್‌ಗಳು ಅದರಲ್ಲೇ ಕಲೀತಿದ್ದರು, ಯಾಕಂದ್ರೆ ಕಲಿಯೋಕೆ ಬೇರೆ ಇರಲಿಲ್ಲ.

2009ರ ಜುಲೈ 31. ಹೈದರಾಬಾದ್ ಹೊರಗೆ, ಆಗಿನ ಮೇದಕ್ ಜಿಲ್ಲೆಯ ಅಣ್ಣಾರಂ ಹಳ್ಳಿಯ ಹತ್ತಿರ ಒಂದು ದೀಪಕ್ ಬಿತ್ತು. ಒಳಗಿದ್ದ ಇಬ್ಬರೂ ಸತ್ತರು. ಹೊಸಬರಲ್ಲ, ಅನುಭವ ಇದ್ದ ಅಧಿಕಾರಿಗಳು. ಇಂಥವರಿಗೇ ಉಳಿಸಿಕೊಳ್ಳೋಕೆ ಆಗಲಿಲ್ಲ ಅಂದ ಮೇಲೆ ಮೊದಲ ಸಲ ಒಬ್ಬನೇ ಹಾರೋ ಹುಡುಗನ ಕತೆ ಏನು? ಎಲ್ಲ ದೀಪಕ್‌ಗಳನ್ನೂ ನೆಲಕ್ಕಿಳಿಸಿದರು. ಇಡೀ ವಿಮಾನಕ್ಕೇ ಪ್ಯಾರಾಚ್ಯೂಟ್ ಕಟ್ಟೋಣ, ಎಂಜಿನ್ ನಿಂತರೆ ಅದನ್ನ ಬಿಚ್ಚಿ ತೇಲಿಕೊಂಡು ಇಳಿಯಲಿ ಅನ್ನೋ ಯೋಚನೆಯೂ ನಡೀತು. ಕೇಳೋಕೆ ಸಿನಿಮಾ ಥರ ಇದೆ, ಅಂಥ ವ್ಯವಸ್ಥೆ ಪುಟ್ಟ ವಿಮಾನಗಳಲ್ಲಿ ನಿಜವಾಗಲೂ ಇದೆ. ಆದರೆ ನಿಲ್ಲೋ ಎಂಜಿನ್ನಿಗೆ ಔಷಧಿ ಕೊಡೋ ಬದಲು ಬೀಳೋ ಜಾಗಕ್ಕೆ ಹಾಸಿಗೆ ಹಾಕಿದ ಹಾಗೆ ಅಂತ ನನಗನ್ನಿಸಿತು. ದೀಪಕ್ ಮತ್ತೆ ಕೆಡೆಟ್‌ಗಳ ವಿಮಾನ ಆಗಲೇ ಇಲ್ಲ.

ಆಮೇಲಿನ ಕೆಲವು ವರ್ಷ ವಾಯುಪಡೆಯ ಕೆಡೆಟ್‌ಗಳು ನೇರವಾಗಿ ಕಿರಣ್ ಜೆಟ್‌ನಲ್ಲಿ ಕಲಿಯೋಕೆ ಶುರು ಮಾಡಬೇಕಾಯ್ತು. ಸೈಕಲ್ ಕಲಿಯದೇ ನೇರ ಬೈಕ್ ಹತ್ತಿದ ಹಾಗೆ. 2012ರ ಮೇ ತಿಂಗಳಲ್ಲಿ ಸ್ವಿಟ್ಜರ್ಲೆಂಡಿನ ಪಿಲಾಟಸ್ ಕಂಪನಿಯಿಂದ 75 ತರಬೇತಿ ವಿಮಾನ ಕೊಳ್ಳೋ ಒಪ್ಪಂದ ಆಯ್ತು, ಮರುವರ್ಷ ಬಂದವು. 1951ರಲ್ಲಿ ತನ್ನದೇ ತರಬೇತಿ ವಿಮಾನ ಹಾರಿಸಿದ ದೇಶ ಅರವತ್ತು ವರ್ಷದ ಮೇಲೆ ಅದನ್ನೇ ಹೊರಗಿನಿಂದ ತಂದಿತು. ಘಾಟಗೆಯವರು ಇದ್ದಿದ್ದರೆ ಏನನ್ನುತ್ತಿದ್ದರೋ. ಆದರೆ ಆ ಹುಡುಗರ ಅಪ್ಪ ಅಮ್ಮನ ಕಡೆಯಿಂದ ನೋಡಿದರೆ ನನಗೆ ಆ ಖರೀದಿ ಬಗ್ಗೆ ಬೇಸರ ಬರಲ್ಲ.

ಬೆಂಗಳೂರು ಸುಮ್ಮನೆ ಕೂರಲಿಲ್ಲ. 2016ರ ಮೇ 31ರಂದು ಎಚ್‌ಎಎಲ್ ರನ್‌ವೇಯಿಂದ ಎಚ್‌ಟಿಟಿ-40 ಮೊದಲ ಸಲ ಹಾರಿತು. 2023ರಲ್ಲಿ ವಾಯುಪಡೆಗೆ ಅಂಥ 70 ವಿಮಾನ ಕೊಳ್ಳೋಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಅದರ ರೆಕ್ಕೆಯೂ ಕೆಳಗೇ ಇದೆ. ಆದರೆ ಎಂಜಿನ್ ಬೇರೆ ಜಾತಿಯದ್ದು, ಟರ್ಬೊಪ್ರಾಪ್. ಕುಡಿಯೋದು ಪೆಟ್ರೋಲ್ ಅಲ್ಲ, ಸೀಮೆಎಣ್ಣೆಯ ಕುಲದ ಇಂಧನ. ಅದು ಪೆಟ್ರೋಲಿನ ಹಾಗೆ ಸುಲಭಕ್ಕೆ ಆವಿಯಾಗಲ್ಲ, ಪೈಪೊಳಗೆ ಗುಳ್ಳೆ ಏಳೋ ಭಯ ಬಹಳ ಕಡಿಮೆ. ಬಣ್ಣವೂ ಹಾಕಿರಲ್ಲ, ಹಾಗಾಗಿ ಸೋರಿದರೆ ನೀಲಿ ಉಂಗುರ ಸಿಗಲ್ಲ. ಬೇಗ ಆರಿ ಹೋಗದ ಕಾರಣ ಒದ್ದೆಯೇ ಸಿಗುತ್ತೆ, ಎಣ್ಣೆ ಎಣ್ಣೆಯಾಗಿ.

ಈ ಸ್ಕ್ರಿಪ್ಟ್ ಬರೆದು ತಾತನಿಗೆ ಓದಿ ಹೇಳಿದೆ. ದೀಪಕ್ ಭಾಗ ಬಂದಾಗ ಸುಮ್ಮನೆ ಕೇಳಿಸಿಕೊಂಡರು. 19 ಅನ್ನೋ ಸಂಖ್ಯೆ ಬಂದಾಗ ಮಾತ್ರ "ಇನ್ನೊಂದ್ಸಲ ಓದು" ಅಂದರು. ಓದಿದೆ. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, "ಅವತ್ತು ಬೆಳಗ್ಗೆ ಆ ಗಾಡಿಗಳಿಗೆ ಸಹಿ ಹಾಕಿದ ಹುಡುಗರು ಇರ್ತಾರಲ್ಲ, ಅವರ ಬಗ್ಗೆ ಎಲ್ಲಾದರೂ ಬರೆದಿದ್ದಾರಾ?"

ನಾನು ಓದಿದ ಯಾವ ಸುದ್ದಿಯಲ್ಲೂ ಅವರ ಪ್ರಸ್ತಾಪ ಇರಲಿಲ್ಲ. ಇಲ್ಲ ತಾತ ಅಂದೆ.

"ಅವರು ಏನೂ ತಪ್ಪು ಮಾಡಿರಲ್ಲ. ಆದರೂ ರಾತ್ರಿ ಮಲಗಿದಾಗ ಪ್ರತಿ ಕೀಲನ್ನೂ ಮತ್ತೆ ಬಿಗಿ ಮಾಡ್ತಿರ್ತಾರೆ, ಇವತ್ತಿಗೂ" ಅಂದರು. ಆಮೇಲೆ ವಿಷಯ ಬದಲಾಯಿಸಿ, ಬೈಕ್ ರಿಂಗ್ ಹಾಕಿಸಿದ ಮೇಲೆ ಬಿಸಿ ಇರುವಾಗ ಒಮ್ಮೆ ನೋಡಿದ್ಯಾ ಅಂತ ಕೇಳಿದರು. ನೋಡಿರಲಿಲ್ಲ. ಹಲಸೂರಿನವರೆಗೆ ಹೋಗಿ ಬಾ, ನಾನು ಇಲ್ಲೇ ಕೂತಿರ್ತೀನಿ ಅಂತ ಟಾರ್ಚ್ ತಗೊಂಡು ಸ್ಟೂಲ್ ಹಾಕಿಕೊಂಡರು.